ಹಸಿರು ಲೈಟು ನಂಬಿ ಕೆಟ್ಟೆ

"ಬ್ಯಾಟರಿ ಚೆನ್ನಾಗೇ ಇದೆ ಸಾರ್, ಹಸಿರು ಲೈಟು ಉರೀತಾ ಇದ್ಯಲ್ಲ, ಮತ್ತೇನು?"

ಹೀಗಂದಿದ್ದು ಯುಪಿಎಸ್ ಮಾರಿದ ಅಂಗಡಿಯವರು. ಇದನ್ನೇ ಸ್ವಲ್ಪ ನಾಜೂಕಾಗಿ, ಇಂಗ್ಲಿಷಿನಲ್ಲಿ ಹೇಳಿದ್ದು ಅದನ್ನು ಮಾಡಿದ ಕಂಪನಿಯ ಸಹಾಯವಾಣಿ. ಇದನ್ನೇ ಬಣ್ಣದ ಗ್ರಾಫ್ ಬರೆದು, ನೂರಕ್ಕೆ ನೂರು ಅಂತ ಅಂಕ ಕೊಟ್ಟು ಹೇಳಿದ್ದು ನಾನೇ ಕೂತು ಕಟ್ಟಿದ ಡ್ಯಾಶ್‌ಬೋರ್ಡು. ಮೂವರೂ ಹೇಳಿದ್ದು ಸುಳ್ಳು. ಮೊದಲ ಇಬ್ಬರ ಮೇಲೆ ಸಿಟ್ಟು ಬಂದಿದ್ದು ಸಹಜ, ಮೂರನೆಯವರ ಮೇಲೆ ನಾಚಿಕೆ. ಈ ಬರಹದಲ್ಲಿ ಸಿಟ್ಟು ಜಾಸ್ತಿ, ನಾಚಿಕೆ ಕಮ್ಮಿ ಇದ್ರೆ ಕ್ಷಮಿಸಿ.

ಮೊದಲು ಕಥೆ ಹೇಳಿಬಿಡ್ತೀನಿ. ನಮ್ಮೂರು ತೀರ್ಥಹಳ್ಳಿ ಕಡೆ. ಮನೆಯ ಸುತ್ತ ತೋಟ, ಹಿಂದೆ ಗುಡ್ಡ. ಮೊಬೈಲ್ ಸಿಗ್ನಲ್ ಬೇಕಂದ್ರೆ ಆ ಗುಡ್ಡ ಹತ್ತಬೇಕು. ಲ್ಯಾಂಡ್‌ಲೈನಿನ ತಾಮ್ರದ ತಂತಿ ಯಾವ ಮಳೆಗಾಲದಲ್ಲೋ ಬಿದ್ದಿದ್ದು ಮತ್ತೆ ಏಳಲಿಲ್ಲ. ಹಾಗಾಗಿ ಲೋಕಲ್ ಕೇಬಲ್ಲಿನವರು ಎಳೆದ ಫೈಬರ್ರು, ಅದರ ಮೇಲೆ ವೈಫೈ, ಅದರ ಮೇಲೆ ವೈಫೈ ಕಾಲಿಂಗು - ಇಷ್ಟೇ ಅಪ್ಪಯ್ಯ ಅಮ್ಮನಿಗೆ ಹೊರಲೋಕದ ದಾರಿ. ಇಂಟರ್ನೆಟ್ ಹೋಯ್ತು ಅಂದ್ರೆ ಅವರಿಗೆ ಸಿನಿಮಾ ಹೋಗಲ್ಲ, ಫೋನೇ ಹೋಗತ್ತೆ. 2020ರ ಲಾಕ್‌ಡೌನಿನಲ್ಲಿ ಊರಿಂದಲೇ ಆಫೀಸ್ ಕೆಲಸ ಮಾಡೋವಾಗ ಒಂದು ಹಳೇ ಮಿನಿ ಪೀಸಿಗೆ ಪಿಎಫ್‌ಸೆನ್ಸ್ ಹಾಕಿ ಫೈರ್‌ವಾಲ್ ಮಾಡಿದ್ದೆ. ಬೆಂಗಳೂರಿಗೆ ವಾಪಸ್ ಬಂದಮೇಲೂ ಅದು ಅಲ್ಲೇ ಉಳೀತು. ವಿಪಿಎನ್‌ನಲ್ಲಿ ಒಳಗೆ ಹೋಗಿ ಅಮ್ಮನ ಟೀವಿ, ಅಪ್ಪಯ್ಯನ ಪ್ರಿಂಟರ್ರು ಎಲ್ಲ ಇಲ್ಲಿಂದಲೇ ರಿಪೇರಿ ಮಾಡಬಹುದಲ್ಲ ಅಂತ.

ಮನೆಯಲ್ಲಿ ದೊಡ್ಡ ಇನ್ವರ್ಟರ್ರು ಇದೆ. ನಮ್ಮ ಕಡೆ ಅದನ್ನೇ ಯುಪಿಎಸ್ ಅಂತೀವಿ, ಡಿಸ್ಟಿಲ್ಡ್ ವಾಟರ್ ಕುಡಿಯೋ ಆ ದಪ್ಪ ಬ್ಯಾಟರಿಯದ್ದು. ಆದ್ರೆ ಕರೆಂಟು ಹೋದಾಗ ಅದು ಮೇನ್ಸಿಂದ ಬ್ಯಾಟರಿಗೆ ಹಾರೋ ಅಷ್ಟರಲ್ಲಿ ಫೈರ್‌ವಾಲ್ ಒಂದ್ಸಲ ಸತ್ತು ಹುಟ್ತಿತ್ತು. ಫ್ಯಾನು, ಟ್ಯೂಬ್‌ಲೈಟಿಗೆ ಅಷ್ಟು ಹೊತ್ತು ಪರವಾಗಿಲ್ಲ, ಕಂಪ್ಯೂಟರಿಗೆ ಆಗಲ್ಲ. ಅದಕ್ಕೇ ಬೇರೆ 600 ವಿಎ ಕಂಪ್ಯೂಟರ್ ಯುಪಿಎಸ್ ತಂದೆ. ಹಿಂದೆ ಯುಎಸ್‌ಬಿ ಪೋರ್ಟ್ ಇತ್ತು. ಡಬ್ಬದ ಮೇಲೆ "ಸ್ಮಾರ್ಟ್ ಮಾನಿಟರಿಂಗ್" ಅಂತ ಬೇರೆ ಬರೆದಿತ್ತು.

ಯುಎಸ್‌ಬಿ ಕೇಬಲ್ ಚುಚ್ಚಿ, ನಟ್ ಪ್ಯಾಕೇಜು ಹಾಕಿದೆ. ಗೊತ್ತಿಲ್ಲದವರಿಗೆ: ನಟ್ ಅಂದ್ರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ತೊಂಬತ್ತರ ದಶಕದಲ್ಲಿ ಶುರುವಾದ ಉಚಿತ ತಂತ್ರಾಂಶ. ಅದರಲ್ಲಿ ಮೂರು ಪದರ. ಕೆಳಗೆ ಯುಪಿಎಸ್ ಜೊತೆ ಅದರದೇ ಭಾಷೆಯಲ್ಲಿ ಮಾತಾಡೋ ಡ್ರೈವರ್ರು. ಮಧ್ಯೆ ಆ ಸುದ್ದಿಯನ್ನ 3493ನೇ ಪೋರ್ಟಿನಲ್ಲಿ ಕೇಳಿದವರಿಗೆಲ್ಲ ಕೊಡೋ ಯುಪಿಎಸ್‌ಡಿ. ಮೇಲೆ, ಆ ಸುದ್ದಿ ಕೇಳಿ ಯಾವಾಗ ಮಷೀನ್ ಬಂದ್ ಮಾಡಬೇಕು ಅಂತ ತೀರ್ಮಾನ ಮಾಡೋ ಯುಪಿಎಸ್‌ಮಾನ್. ಒಳ್ಳೇ ವಿನ್ಯಾಸ, ಅದರ ಬಗ್ಗೆ ನನಗೆ ತಕರಾರಿಲ್ಲ.

ಒಂದು ವಾರ ಚೆನ್ನಾಗಿತ್ತು. ಆಮೇಲೆ ಮೇಲ್ ಬರೋಕೆ ಶುರು. "ಕಮ್ಯುನಿಕೇಷನ್ಸ್ ವಿತ್ ಯುಪಿಎಸ್ ಲಾಸ್ಟ್". ಐದು ಸೆಕೆಂಡಿಗೆ "ಎಸ್ಟಾಬ್ಲಿಷ್ಡ್". ಮತ್ತೆ ಲಾಸ್ಟ್. ಲಾಗ್ ತೆಗೆದ್ರೆ ಉದ್ದಕ್ಕೂ "ಡೇಟಾ ಸ್ಟೇಲ್". ಕೇಬಲ್ ಬದಲಾಯಿಸಿದೆ (ಅಂದ್ರೆ ಅಪ್ಪಯ್ಯನ ಹತ್ರ ಬದಲಾಯಿಸಿಸಿದೆ). "ನೀಲಿದಾ, ಕಪ್ಪುದಾ ಮಾರಾಯ?" ಅಂತ ಅರ್ಧ ಗಂಟೆ ಫೋನು. ಪೋರ್ಟ್ ಬದಲಾಯಿಸಿಸಿದೆ. ಆಗ ಡ್ರೈವರ್ರಿಗೆ ಪೋರ್ಟ್ ತೆರೆಯೋ ಅನುಮತಿಯೇ ಇಲ್ಲ ಅಂತ ಹಠ ಹಿಡೀತು, ಮತ್ತೊಮ್ಮೆ ಕಿತ್ತು ಚುಚ್ಚಿದಮೇಲೆ ಸರಿಹೋಯ್ತು. ಸ್ಟೇಲ್ ಮಾತ್ರ ಹೋಗಲಿಲ್ಲ. ಕೊನೆಗೆ ತಿಳಿದಿದ್ದು: ನಟ್ ಡ್ರೈವರ್ರು ಎರಡು ಸೆಕೆಂಡಿಗೊಮ್ಮೆ ಯುಪಿಎಸ್ಸನ್ನ "ಹೇಗಿದೀಯ?" ಅಂತ ಕೇಳತ್ತೆ. ನಮ್ಮ ಯುಪಿಎಸ್‌ನೊಳಗಿನ ಬಡಪಾಯಿ ಚಿಪ್ಪಿಗೆ ಅಷ್ಟು ವೇಗವಾಗಿ ಉತ್ತರ ಕೊಡೋಕಾಗದೆ ಅರ್ಧ ಸಾಲು ಉಗುಳಿ ಸುಮ್ಮನಾಗ್ತಿತ್ತು. 15 ಸೆಕೆಂಡು ಹಳೇದಾದ ಸುದ್ದಿಯನ್ನ ಯುಪಿಎಸ್‌ಡಿ ಹಳಸಲು ಅಂತ ಬಿಸಾಕತ್ತೆ. ಕೇಳೋ ಅಂತರವನ್ನ 10 ಸೆಕೆಂಡಿಗೂ, ಹಳಸೋ ಗಡುವನ್ನ 30 ಸೆಕೆಂಡಿಗೂ ಏರಿಸಿದೆ. ಮೇಲ್ ನಿಂತಿತು. ಡ್ಯಾಶ್‌ಬೋರ್ಡಿನಲ್ಲಿ ಸ್ಥಿತಿ ಆನ್‌ಲೈನ್, ಬ್ಯಾಟರಿ 100, ಗೆರೆ ನೇರ. ಗೆದ್ದೆ ಅಂದ್ಕೊಂಡೆ.

ಹೋದ ವರ್ಷ ಆಷಾಢದ ಒಂದು ರಾತ್ರಿ ಆ ನೇರ ಗೆರೆ ಅಲ್ಲಿಗೇ ಕಡಿದುಹೋಯ್ತು. ಕೊನೆಯ ಬಿಂದು ನೂರು. ವಿಪಿಎನ್ ಇಲ್ಲ, ಫೋನು ಇಲ್ಲ. ಕರೆಂಟು ಹೋಗಿರತ್ತೆ ಬಿಡು ಅಂತ ಮೊದಲ ದಿನ. ಎರಡನೇ ದಿನ ಶಿವಮೊಗ್ಗದ ನೆಂಟರಿಗೆ ಫೋನ್ ಮಾಡಿದೆ, ಅವರಿಗೂ ಗೊತ್ತಿಲ್ಲ. ಅಮ್ಮನಿಗೆ ಬಿಪಿ, ಮಳೆ ಬಿಟ್ಟಿಲ್ಲ, ಹಳ್ಳ ತುಂಬಿರೋ ಕಾಲ. ತಲೆಯಲ್ಲಿ ಏನೇನೋ ಓಡಿತು, ಬರೆಯಲ್ಲ. ಮೂರನೇ ದಿನ ಬೆಳಿಗ್ಗೆ ಅಪ್ಪಯ್ಯ ಕೊಡೆ ಹಿಡ್ಕೊಂಡು, ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಿ ಫೋನ್ ಮಾಡಿದ್ರು. "ಕರೆಂಟು ಅವತ್ತೇ ಬಂತು ಕಣೋ. ನಿನ್ನ ಪೆಟ್ಟಿಗೆ ಮಾತ್ರ ಏಳ್ತಾ ಇಲ್ಲ."

ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಹೋಗಿ ಪೆಟ್ಟಿಗೆಗೆ ಟೀವಿ ಜೋಡಿಸಿ ನೋಡಿದ್ರೆ, ಫೈಲ್ ಸಿಸ್ಟಮ್ ಹಾಳಾಗಿ, ಯಾವ ಶೆಲ್ ಬೇಕು ಹೇಳು ಅಂತ ಕೇಳ್ಕೊಂಡು ಮೂರು ದಿನದಿಂದ ಕಾಯ್ತಾ ಕೂತಿದೆ. ಎಫ್‌ಎಸ್‌ಸಿಕೆ ಎರಡು ಸಲ ಓಡಿಸಿದೆ. ಮೂರು ನಿಮಿಷದ ಕೆಲಸ. ಮೂರು ನಿಮಿಷಕ್ಕೆ ಮೂರು ದಿನ, ಒಂದು ಗುಡ್ಡ, ಒಂದು ರಾತ್ರಿ ಬಸ್ಸು.

ಆಮೇಲೆ ಯುಪಿಎಸ್ ಪ್ಲಗ್ ಕಿತ್ತು ನೋಡಿದೆ. ನಲವತ್ತು ಸೆಕೆಂಡು. ಅಷ್ಟೇ! ಮೂವತ್ತು ವಾಟ್ ಹೊರೆಗೆ ಒಂದು ಗಂಟೆ ಹತ್ತಿರ ಬರಬೇಕಾದ್ದು ನಲವತ್ತು ಸೆಕೆಂಡಿಗೆ ಪ್ರಾಣ ಬಿಡ್ತು. ಬಿಡೋ ಕ್ಷಣದವರೆಗೂ ಹಸಿರು.

ಈಗ ಬರ್ತೀನಿ ಜಗಳಕ್ಕೆ.

ಆ "ನೂರು" ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ನಮ್ಮ ಯುಪಿಎಸ್ ಮಾತಾಡೋದು ಮೆಗಾಟೆಕ್ ಅನ್ನೋ ಹಳೇ ಭಾಷೆ. ಅಗ್ಗದ ಯುಪಿಎಸ್‌ಗಳಲ್ಲಿ ಬೇಕಾದಷ್ಟು ಇದನ್ನೇ ಆಡ್ತವೆ, ಹೊರಗಿನ ಹೆಸರು ಯಾವುದೇ ಇರಲಿ. ಕಂಪ್ಯೂಟರ್ "ಕ್ಯೂ1" ಅಂತ ಕೇಳಿದ್ರೆ ಆವರಣದಿಂದ ಶುರುವಾಗೋ ಒಂದೇ ಒಂದು ಸಾಲು ಉತ್ತರ. ಅದರಲ್ಲಿ ಇರೋದಿಷ್ಟು: ಒಳಬರೋ ವೋಲ್ಟೇಜು, ದೋಷದ ವೋಲ್ಟೇಜು, ಹೊರಹೋಗೋ ವೋಲ್ಟೇಜು, ಹೊರೆ ಶೇಕಡಾ ಎಷ್ಟು, ಫ್ರೀಕ್ವೆನ್ಸಿ, ಬ್ಯಾಟರಿ ವೋಲ್ಟೇಜು, ಉಷ್ಣತೆ, ಕೊನೆಗೆ ಸೊನ್ನೆ-ಒಂದುಗಳ ಎಂಟು ಬಿಟ್ಟು. ಮತ್ತೊಮ್ಮೆ ಓದಿ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಇದೆ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ! ಎಷ್ಟು ನಿಮಿಷ ಬರತ್ತೆ ಅನ್ನೋದೂ ಇಲ್ಲ. ಬ್ಯಾಟರಿ ಹಳೇದಾಯ್ತು ಅನ್ನೋದೂ ಇಲ್ಲ. ಬ್ಯಾಟರಿ ಬ್ಯಾಕಪ್ ಅಂತ ಮಾರೋ ಯಂತ್ರ ಬ್ಯಾಟರಿ ಬಗ್ಗೆ ಬಾಯಿ ಬಿಡೋದು ಒಂದು ವೋಲ್ಟೇಜು ಮಾತ್ರ.

ಪಾಪ ನಟ್ ಏನು ಮಾಡತ್ತೆ? ಊಹೆ ಮಾಡತ್ತೆ. ನಾವೇನೂ ಹೇಳದಿದ್ರೆ 12 ವೋಲ್ಟ್ ಬ್ಯಾಟರಿಗೆ 10.4 ಅಂದ್ರೆ ಖಾಲಿ, 13.0 ಅಂದ್ರೆ ಭರ್ತಿ, ಮಧ್ಯದ್ದಕ್ಕೆ ಸರಳ ಅನುಪಾತ. ಎಂಟನೇ ಕ್ಲಾಸಿನ ಲೆಕ್ಕ. ಆದ್ರೆ ಕರೆಂಟು ಇರೋವಾಗ ಚಾರ್ಜರ್ರು ಬ್ಯಾಟರಿಯನ್ನ 13.5ರ ಆಸುಪಾಸಿನಲ್ಲಿ ಎತ್ತಿ ಹಿಡಿದಿರತ್ತೆ. ಅಂದ್ರೆ ಆಗ ನಾವು ಅಳೀತಿರೋದು ಬ್ಯಾಟರಿಯನ್ನಲ್ಲ, ಚಾರ್ಜರನ್ನ! ಸತ್ತ ಬ್ಯಾಟರಿಯನ್ನೂ ಚಾರ್ಜರ್ರು ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿರತ್ತೆ, ದೂರದಿಂದ ನೋಡಿದವರಿಗೆ ಆಸಾಮಿ ಗಟ್ಟಿಮುಟ್ಟಾಗಿ ನಿಂತ ಹಾಗೇ ಕಾಣ್ತಾನೆ. ನನ್ನ ನೇರ ಗೆರೆಯ ರಹಸ್ಯ ಇದು. ತಿಂಗಳುಗಟ್ಟಲೆ ನಾನು ಒಂದು ಹೆಣದ ನಾಡಿ ನೋಡಿ ಗ್ರಾಫ್ ಬರೀತಿದ್ದೆ. ಸ್ಟೇಲ್ ಸಮಸ್ಯೆ ಪರಿಹರಿಸಿ ಬೀಗಿದ್ದೆನಲ್ಲ, ಅದು ಸುಳ್ಳುಗಾರನ ತೊದಲು ಸರಿಮಾಡಿದ ಹಾಗಾಯ್ತು. ಈಗ ಅವನು ಸ್ಪಷ್ಟವಾಗಿ ಸುಳ್ಳು ಹೇಳ್ತಾನೆ :-)

ಇನ್ನೊಂದು ಗುಂಡಿಯೂ ಇತ್ತು. ಯುಪಿಎಸ್‌ಮಾನ್ ತಾನಾಗಿ ಮಷೀನ್ ಬಂದ್ ಮಾಡೋದು ಎರಡು ಗುರುತು ಒಟ್ಟಿಗೆ ಬಂದಾಗ: ಬ್ಯಾಟರಿ ಮೇಲೆ ಓಡ್ತಿದೀನಿ ಅನ್ನೋ ಓಬಿ, ಬ್ಯಾಟರಿ ಮುಗೀತಾ ಬಂತು ಅನ್ನೋ ಎಲ್‌ಬಿ. ಎಲ್‌ಬಿ ಹೇಳಬೇಕಾದ್ದು ಯುಪಿಎಸ್. ಹಳೇ ಬ್ಯಾಟರಿಯ ಒಳಗಿನ ರೋಧ ಏರಿ, ಹೊರೆ ಬಿದ್ದ ತಕ್ಷಣ ವೋಲ್ಟೇಜು ಬಾವಿಗೆ ಬಿದ್ದ ಕೊಡದ ಹಾಗೆ ಕುಸಿಯೋವಾಗ ಮುಗೀತಾ ಬಂತು ಅನ್ನೋಕೆ ಪುರುಸೊತ್ತೆಲ್ಲಿ? ಹೇಳಿದ್ರೂ 10 ಸೆಕೆಂಡಿಗೊಮ್ಮೆ ಕೇಳ್ತಿದ್ದ ನನ್ನ ಡ್ರೈವರ್ರಿಗೆ ಕೇಳಿಸಬೇಕಲ್ಲ. ಸ್ಟೇಲ್ ರೋಗಕ್ಕೆ ನಾನು ಕೊಟ್ಟ ಮದ್ದು ಇಲ್ಲಿ ಇನ್ನೊಂದು ಕಿವಿ ಮುಚ್ಚಿತು.

ಸಹಾಯವಾಣಿಗೆ ಇದನ್ನೆಲ್ಲ ವಿವರಿಸಿದೆ. ಉತ್ತರ: "ನಮ್ಮ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಸಾರ್. ಬೇರೆದರಲ್ಲಿ ಹಾಕಿದ್ರೆ ನಮ್ಮ ಜವಾಬ್ದಾರಿ ಅಲ್ಲ." ಸರಿ, ಬೇರೆ ಲ್ಯಾಪ್‌ಟಾಪಿನಲ್ಲಿ ಅವರದ್ದನ್ನೇ ಹಾಕಿ ನೋಡಿದೆ. ಅಲ್ಲೂ ನೂರು! ಅದೇ ಸತ್ತ ಬ್ಯಾಟರಿಗೆ. ಅಂದ್ರೆ ನಟ್ ಊಹೆ ಮಾಡ್ತೀನಿ ಅಂತ ಲಾಗಿನಲ್ಲಾದ್ರೂ ಒಪ್ಕೊಳ್ಳತ್ತೆ, ಇವರದ್ದು ಊಹೆಯನ್ನೇ ಸತ್ಯ ಅಂತ ದೊಡ್ಡ ಅಕ್ಷರದಲ್ಲಿ ತೋರಿಸತ್ತೆ.

ಇದು ಆಗದ ಹೋಗದ ತಂತ್ರಜ್ಞಾನ ಏನಲ್ಲ ಸ್ವಾಮಿ. ಯುಎಸ್‌ಬಿ ಒಕ್ಕೂಟದವರು ವಿದ್ಯುತ್ ಸಾಧನಗಳಿಗೆ ಅಂತಲೇ ಒಂದು ಮಾನಕ ಬರೆದು ಪ್ರಕಟಿಸಿದ್ದು 1997ರಲ್ಲಿ. ಉಳಿದ ಚಾರ್ಜು, ಉಳಿದ ಸಮಯ, ಬ್ಯಾಟರಿ ಬದಲಾಯಿಸಬೇಕು ಅನ್ನೋ ಸೂಚನೆ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಆ ಮಾನಕ ಪಾಲಿಸೋ ಯುಪಿಎಸ್ ಚುಚ್ಚಿದ್ರೆ ವಿಂಡೋಸ್ ಅದನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹಾಗೇ ಗುರುತಿಸತ್ತೆ, ಸೀಡಿ ಹಾಕೋದೇ ಬೇಡ. ಆ ಮಾನಕ ಬರೆದ ವರ್ಷ ನಾನಿನ್ನೂ ಹುಟ್ಟಿಲ್ಲ ಅಥವಾ ತೊಟ್ಟಿಲಲ್ಲಿದ್ದೆ ಅಂತಿಟ್ಕೊಳ್ಳಿ. ಅವತ್ತಿಂದ ಇವತ್ತಿನವರೆಗೆ ನಾನು ಅಆಇಈ ಕಲಿತು, ಇಂಜಿನಿಯರಿಂಗ್ ಮುಗಿಸಿ, ಇವರ ಯುಪಿಎಸ್ ಕೊಂಡು ಮೋಸ ಹೋಗೋಷ್ಟು ಕಾಲ ಕಳೀತು. ಇವರು ಇನ್ನೂ ಕ್ಯೂ1 ಬಿಟ್ಟು ಮೇಲೆ ಬಂದಿಲ್ಲ. ಅಗ್ಗದ ಕೆಲವು ಯುಪಿಎಸ್‌ಗಳಂತೂ ಯುಎಸ್‌ಬಿ ಗುರುತಿನ ಸಂಖ್ಯೆಯ ಜಾಗದಲ್ಲಿ 0001, 0000 ಅಂತ ಏನೋ ತುಂಬಿಸಿ ಕಳಿಸ್ತವೆ. ಆಧಾರ್ ನಂಬರ್ ಕೇಳಿದ್ರೆ ಒಂದು ಎರಡು ಮೂರು ಅಂದ ಹಾಗೆ.

ಖರ್ಚಾಗತ್ತೆ ಅಂತೀರಾ? ಅಗ್ಗದ ಫೋನಿನೊಳಗೂ ಬ್ಯಾಟರಿಗೆ ಹೋಗೋ ಬರೋ ಕರೆಂಟು ಎಣಿಸೋ ಚಿಪ್ಪು ಕೂರಿಸ್ತಾರೆ. ಯಾವ ಲ್ಯಾಪ್‌ಟಾಪಾದ್ರೂ ತನ್ನ ಬ್ಯಾಟರಿ ಹುಟ್ಟಿದಾಗ ಎಷ್ಟಿತ್ತು, ಈಗ ಎಷ್ಟು ಹಿಡಿಯತ್ತೆ ಅಂತ ಹೇಳತ್ತೆ. ಹೆಸರಲ್ಲೇ ಅನ್‌ಇಂಟರಪ್ಟಿಬಲ್ ಅಂತ ಇಟ್ಕೊಂಡಿರೋ ಪೆಟ್ಟಿಗೆಗೆ ಮಾತ್ರ ಒಂದು ಹಸಿರು ಎಲ್‌ಇಡಿ ಸಾಕಾ? ಬೇಡ ಬಿಡಿ, ಚಿಪ್ಪೂ ಬೇಡ. ಡಬ್ಬದ ಮೇಲೆ "ಈ ಯಂತ್ರ ಇಂಥ ಭಾಷೆ ಆಡತ್ತೆ, ಚಾರ್ಜಿನ ಪ್ರಮಾಣ ತಿಳಿಸೋದಿಲ್ಲ" ಅಂತ ಒಂದು ಸಾಲು ಮುದ್ರಿಸೋಕೆ ಎಷ್ಟು ಪೈಸೆ? 5 ಕೆವಿಎ ಒಳಗಿನ ಯುಪಿಎಸ್ ನಮ್ಮ ದೇಶದಲ್ಲಿ ಮಾರಬೇಕಂದ್ರೆ ಬಿಐಎಸ್ ನೋಂದಣಿ ಕಡ್ಡಾಯ. ಅದು ಸುರಕ್ಷತೆಯ ಮಾನಕ - ಶಾಕ್ ಹೊಡೀಬಾರದು, ಬೆಂಕಿ ಹತ್ತಬಾರದು. ಬೇಕಾದ್ದೇ. ಆದ್ರೆ "ಸ್ಮಾರ್ಟ್ ಮಾನಿಟರಿಂಗ್" ಅಂತ ಬರೆದು ಏನನ್ನೂ ಮಾನಿಟರ್ ಮಾಡದ ಪೋರ್ಟ್ ಕೊಡೋದನ್ನ ತಡೆಯೋರು ಯಾರು?

ಗೆಳೆಯನೊಬ್ಬ ಕೇಳಿದ, "ಮನೆಗೆ ಇದೆಲ್ಲ ಜಾಸ್ತಿ ಆಯ್ತಲ್ವೇನೋ? ಇನ್ವರ್ಟರ್ರಿಗೇ ಹಾಕಿ ಮರೆತುಬಿಡು." ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಪ್ರಯತ್ನ ಮಾಡಿದೆ. ಇನ್ವರ್ಟರ್ರಿನ 150 ಎಎಚ್ ಬ್ಯಾಟರಿ ಮುಂದೆ ಯುಪಿಎಸ್ಸಿನ 7 ಎಎಚ್ ಏನೂ ಅಲ್ಲ. ಯುಪಿಎಸ್ಸನ್ನ ಇನ್ವರ್ಟರ್ರಿನ ಹಿಂದೆ ಜೋಡಿಸಿದ್ರೆ, ಇನ್ವರ್ಟರ್ರು ಹಾರೋ ಆ ಒಂದು ಕ್ಷಣಕ್ಕೆ ಯುಪಿಎಸ್ಸು, ಆಮೇಲೆ ಗಂಟೆಗಟ್ಟಲೆ ಇನ್ವರ್ಟರ್ರು. ಚೆಂದದ ಯೋಜನೆ. ಆದ್ರೆ ನಮ್ಮ ಮನೆಯದ್ದು ಹಳೇ ಕಾಲದ ಸ್ಕ್ವೇರ್ ವೇವ್ ಇನ್ವರ್ಟರ್. ಆ ಚೌಕಾಕಾರದ ಅಲೆ ನೋಡಿ ಯುಪಿಎಸ್ ಇದು ಕರೆಂಟೇ ಅಲ್ಲ ಅಂತ ತಿರಸ್ಕರಿಸಿ ಬ್ಯಾಟರಿಗೆ ಹೋಗತ್ತೆ, ಮತ್ತೆ ಬರತ್ತೆ, ಮತ್ತೆ ಹೋಗತ್ತೆ. ರಾತ್ರಿಯಿಡೀ ಟಕ್ ಟಕ್ ಟಕ್. "ಹಲ್ಲಿ ಅಂದ್ಕೊಂಡಿದ್ದೆ" ಅಂದ್ಳು ಅಮ್ಮ. ಸೈನ್ ವೇವ್ ಇನ್ವರ್ಟರ್ ಇರೋರು ಧಾರಾಳವಾಗಿ ಹೀಗೆ ಮಾಡಿ. ಆದ್ರೆ ಆ ಇನ್ವರ್ಟರ್ರಿಗೂ ಬಾಯಿಲ್ಲ, ಅದರ ಬ್ಯಾಟರಿ ನೀರು ಆರಿದ್ದು ಗೊತ್ತಾಗೋದು ಕತ್ತಲಾದಾಗಲೇ.

"ಜಾಸ್ತಿ ಆಯ್ತು" ಅನ್ನೋರಿಗೆ ನನ್ನ ಪ್ರಶ್ನೆ ಒಂದೇ. ತಾಮ್ರದ ಲ್ಯಾಂಡ್‌ಲೈನಿಗೆ ಕರೆಂಟು ಬರ್ತಿದ್ದಿದ್ದು ಎಕ್ಸ್‌ಚೇಂಜಿಂದ, ಅದೇ ತಂತಿಯಲ್ಲಿ. ಮನೆ ಕತ್ತಲಾದ್ರೂ ಫೋನಿಗೆ ಜೀವ ಇರ್ತಿತ್ತು. ಆ ಜವಾಬ್ದಾರಿ ಇಲಾಖೆಯದ್ದಾಗಿತ್ತು. ಫೈಬರ್ರು ಬಂದಾಗ ಅದು ಸದ್ದಿಲ್ಲದೆ ನಮ್ಮ ತಲೆಗೆ ಬಂತು. ಗಾಜಿನ ಎಳೆಯಲ್ಲಿ ಕರೆಂಟು ಬರಲ್ಲ ನೋಡಿ. ಯಾರೂ ನಮ್ಮನ್ನ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಈಗ ಎಪ್ಪತ್ತರ ಹತ್ತಿರದ ದಂಪತಿಯ ಒಂದೇ ಫೋನು ನಿಂತಿರೋದು ಅಂಗಡಿಯ ಒಂದು 12 ವೋಲ್ಟ್ ಸೀಸದ ಡಬ್ಬಿಯ ಮೇಲೆ. ಅದು ಬದುಕಿದೆಯಾ ಅಂತ ಕೇಳೋದು ಹೇಗೆ ಜಾಸ್ತಿ ಆಗತ್ತೆ?

ನನ್ನ ತಪ್ಪುಗಳನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವು ಬಿಡಲ್ಲ. ಫೈರ್‌ವಾಲ್ ಹಳೇ ಯುಎಫ್‌ಎಸ್ ಮೇಲಿತ್ತು. ಪಿಎಫ್‌ಸೆನ್ಸಿನಲ್ಲಿ 2017ರಿಂದಲೇ ಝಡ್‌ಎಫ್‌ಎಸ್ ಆಯ್ಕೆ ಇದ್ರೂ, 2020ರಲ್ಲಿ ಕೈಗೆ ಸಿಕ್ಕಿದ್ದನ್ನ ಒತ್ತಿದ್ದೆ. ಕರೆಂಟು ಹಠಾತ್ತಾಗಿ ಹೋದಾಗ ಝಡ್‌ಎಫ್‌ಎಸ್ ಎಷ್ಟೋ ವಾಸಿ. ಎರಡನೇದು, ಕೊಂಡ ದಿನದಿಂದ ಒಂದ್ಸಲವೂ ಪ್ಲಗ್ ಕಿತ್ತು ನೋಡಿರಲಿಲ್ಲ. ನಾವು ಸಾಫ್ಟ್‌ವೇರಿನವರಿಗೆ ಒಂದು ಚಟ ಇದೆ, ಅಂಕಿ ಬಂತು ಅಂದ್ರೆ ಅಳತೆ ಆಯ್ತು ಅಂದ್ಕೊಳ್ಳೋದು. ಆಫೀಸಿನಲ್ಲಿ ಟೆಸ್ಟ್ ಇಲ್ಲದ ಕೋಡು ಬಂದ್ರೆ ಉಪದೇಶ ಮಾಡ್ತೀವಿ, ಮನೆಯಲ್ಲಿ ಡ್ಯಾಶ್‌ಬೋರ್ಡಿಗೆ ಬಣ್ಣ ಹಚ್ತಾ ಕೂರ್ತೀವಿ.

ಈಗ ಮಾಡಿಟ್ಟಿದ್ದು ಇಷ್ಟು. ಬ್ಯಾಟರಿ ಹೊಸದು. ಝಡ್‌ಎಫ್‌ಎಸ್ ಹಾಕಿ ಮತ್ತೆ ಇನ್‌ಸ್ಟಾಲ್. ಪ್ಲಗ್ ಕಿತ್ತು ಗಡಿಯಾರ ಹಿಡಿದು ಕೂತೆ, 52 ನಿಮಿಷ ಬಂತು. ಹಾಗಾಗಿ ಎಲ್‌ಬಿ ನಂಬೋದು ಬಿಟ್ಟು ಯುಪಿಎಸ್‌ಶೆಡ್ ಟೈಮರ್ ಇಟ್ಟೆ: ಬ್ಯಾಟರಿ ಮೇಲೆ 30 ನಿಮಿಷ ಆಯ್ತು ಅಂದ್ರೆ ಮುಲಾಜಿಲ್ಲದೆ ಕ್ರಮವಾಗಿ ಬಂದ್. ಅಷ್ಟರೊಳಗೆ ಕರೆಂಟು ಬಂದ್ರೆ ಟೈಮರ್ ರದ್ದು. ಕರೆಂಟು ವಾಪಸ್ ಬಂದಾಗ ತಾನೇ ಏಳೋ ಹಾಗೆ ಬಯಾಸಿನಲ್ಲಿ ಸೆಟ್ಟಿಂಗು. ಇಲ್ಲೊಂದು ಕಿತಾಪತಿ ಇದೆ, ಎಚ್ಚರ. ಮಷೀನ್ ಬಂದ್ ಆದಮೇಲೆ, ಯುಪಿಎಸ್ ಇನ್ನೂ ಉಸಿರಾಡ್ತಿರೋವಾಗಲೇ ಕರೆಂಟು ಬಂದುಬಿಟ್ರೆ, ಮಷೀನಿನ ದೃಷ್ಟಿಯಲ್ಲಿ ಕರೆಂಟು ಹೋಗಲೇ ಇಲ್ಲ, ಹಾಗಾಗಿ ಅದು ಏಳಲ್ಲ. ಅದಕ್ಕೇ ಬಂದ್ ಆಗೋವಾಗ ಕೊನೇ ಗಳಿಗೆಯಲ್ಲಿ ಯುಪಿಎಸ್ಸಿಗೂ "ನೀನೂ ಆಫ್ ಆಗಿ, ಕರೆಂಟು ಬಂದಮೇಲೆ ಏಳು" ಅಂತ ಹೇಳಿಸಬೇಕು.

ಮುಖ್ಯವಾದ್ದು ಭಾನುವಾರದ ಪರೀಕ್ಷೆ. ಅದೇ ಹಾಳು ಮೆಗಾಟೆಕ್ ಭಾಷೆಯಲ್ಲಿ "ಟಿ" ಅನ್ನೋ ಒಂದಕ್ಷರದ ಆಜ್ಞೆ ಇದೆ, 10 ಸೆಕೆಂಡು ಬ್ಯಾಟರಿ ಮೇಲೆ ಓಡಿ ವಾಪಸ್ ಬರೋಕೆ. ನಟ್‌ನಲ್ಲಿ ಅದಕ್ಕೆ ಕ್ವಿಕ್ ಟೆಸ್ಟ್ ಅಂತ ಹೆಸರು. ಕ್ರಾನಿನಲ್ಲಿ ವಾರಕ್ಕೊಮ್ಮೆ ಅದನ್ನ ಓಡಿಸಿ, ಆ ಹತ್ತು ಸೆಕೆಂಡಿನೊಳಗಿನ ವೋಲ್ಟೇಜು ಮಾತ್ರ ಬರೆದಿಡ್ತೀನಿ. ಡ್ರೈವರ್ರಿನ ಕೇಳೋ ಅಂತರವನ್ನೂ 10ರಿಂದ 5ಕ್ಕೆ ಇಳಿಸಿದೆ, ಇಲ್ಲಾಂದ್ರೆ ಆ ಹತ್ತು ಸೆಕೆಂಡು ಕಣ್ತಪ್ಪಿ ಹೋಗತ್ತೆ. ಪುಣ್ಯಕ್ಕೆ 5ಕ್ಕೆ ತೊದಲಲ್ಲ. ಹಳೇ ಬ್ಯಾಟರಿಯನ್ನ ಬಿಸಾಕೋ ಮುಂಚೆ ಹೀಗೇ ಪರೀಕ್ಷಿಸಿದ್ದೆ: ಚಾರ್ಜರ್ ಮೇಲೆ 13.6, ಹೊರೆ ಬಿದ್ದ ಐದನೇ ಸೆಕೆಂಡಿಗೆ 10.7. ಹೊಸದು ಅದೇ ಹೊರೆಗೆ 12.4. 11.6ರ ಕೆಳಗೆ ಬಂದ್ರೆ ಮೇಲ್ ಬರತ್ತೆ, ನಾನು ಬ್ಯಾಟರಿ ತಗೊಂಡು ಬಸ್ಸು ಹತ್ತುತೀನಿ. ನೂರು ತೋರಿಸ್ತಿದ್ದ ಆ ಗ್ರಾಫನ್ನ ಡ್ಯಾಶ್‌ಬೋರ್ಡಿಂದ ಅಳಿಸಿಹಾಕಿದೆ.

ಮೊದಲ ಭಾನುವಾರ ಅಮ್ಮನ ಫೋನು ಬಂತು: "ಅದು ಸುಮ್ಮನೆ ಕೀಂ ಕೀಂ ಅಂತು ಕಣೋ, ಕರೆಂಟು ಇತ್ತು. ಕೆಟ್ಟಿತೇನೋ?" ಇಲ್ಲ ಅಮ್ಮ, ಮಾತಾಡಿಸ್ತಾ ಇದೀನಿ ಅಂದೆ.

ನಿಮ್ಮ ಮನೆಯಲ್ಲೂ ಯುಪಿಎಸ್ ಇದ್ರೆ ಇವತ್ತು ರಾತ್ರಿ ಎಲ್ಲ ಸೇವ್ ಮಾಡ್ಕೊಂಡು ಒಮ್ಮೆ ಪ್ಲಗ್ ಕೀಳಿ. ಮಾಡೆಲ್ಲು, ಅದು ಆಡೋ ಭಾಷೆ, ಹತ್ತನೇ ಸೆಕೆಂಡಿನ ವೋಲ್ಟೇಜು, ಎಷ್ಟು ನಿಮಿಷ ಬಂತು - ಬರೆದು ತಿಳಿಸಿ, ಯಾವುದು ನಿಜ ಹೇಳತ್ತೆ ಯಾವುದು ಹೇಳಲ್ಲ ಅಂತ ಕನ್ನಡದಲ್ಲೇ ಒಂದು ಪಟ್ಟಿ ಮಾಡೋಣ. ನಮ್ಮನೇದು ಈ ಭಾನುವಾರ 12.3.